ಬೆಲ್‌ಫಾಸ್ಟ್ ಒಡಂಬಡಿಕೆಯ ಭಾಷೆ: ಒಂದು ವಿಮರ್ಶೆ

ರಾಜಕೀಯ ಒಡಂಬಡಿಕೆಗಳನ್ನು ಸಾಹಿತ್ಯವಿಮರ್ಶೆಯ ಅಳತೆಗೋಲಿನಿಂದ ನೋಡುವ ವಾಡಿಕೆ ನಮ್ಮಲ್ಲಿಲ್ಲ. ಅವು ವಕೀಲರ ಸೊತ್ತು, ಹೆಚ್ಚೆಂದರೆ ಪತ್ರಿಕೆಯವರ ಸೊತ್ತು ಎಂದು ಬಿಟ್ಟುಬಿಟ್ಟಿದ್ದೇವೆ. ಆದರೆ ಒಡಂಬಡಿಕೆಯೂ ಮೊತ್ತಮೊದಲಿಗೆ ಒಂದು ಬರಹವೇ ಅಲ್ಲವೇ? ಯಾರೋ ಕುಳಿತು ಒಂದು ಶಬ್ದವನ್ನು ತೆಗೆದು ಇನ್ನೊಂದನ್ನು ಹಾಕಿರುತ್ತಾರೆ. ಒಂದು ಕ್ರಿಯಾಪದಕ್ಕಾಗಿ ರಾತ್ರಿಯೆಲ್ಲ ವಾದಿಸಿರುತ್ತಾರೆ. ಆಮೇಲೆ ಆ ಶಬ್ದದ ಅರ್ಥವನ್ನು ಜನರು ತಮ್ಮ ಬಾಳಿನಲ್ಲಿ ಅನುಭವಿಸುತ್ತಾರೆ. ಕಾವ್ಯದಲ್ಲಿ ಒಂದು ಪದ ತಪ್ಪಿದರೆ ರಸಭಂಗವಾದೀತು. ಇಲ್ಲಿ ತಪ್ಪಿದರೆ ತಲೆ ಉರುಳುತ್ತದೆ. ಆದುದರಿಂದ ಪಾಠಪುಸ್ತಕವನ್ನು ಗೆರೆಗೆರೆಯಾಗಿ ಓದಿಸಿ ಅಭ್ಯಾಸವಾದ ನಾವು ಉಪಾಧ್ಯಾಯರು ಇಂಥ ಬರಹವೊಂದನ್ನು ಅದೇ ಕ್ರಮದಲ್ಲಿ ಓದಿ ನೋಡಿದರೆ ಅನುಚಿತವಾಗದೆಂದು ನನಗೆ ತೋರುತ್ತದೆ. ಅದಕ್ಕಾಗಿ ನಾನು ಆರಿಸಿಕೊಂಡಿರುವುದು ಉತ್ತರ ಐರ್ಲೆಂಡಿನ 1998ರ ಒಡಂಬಡಿಕೆಯನ್ನು.

ಮೊದಲು ಅದರ ಹೆಸರನ್ನೇ ನೋಡೋಣ. 1998ರ ಏಪ್ರಿಲ್ 10, ಗುಡ್ ಫ್ರೈಡೇ ದಿನ ಅದು ಸಿದ್ಧವಾಯಿತು. ಐರಿಷ್ ರಾಷ್ಟ್ರೀಯವಾದಿಗಳು ಅದನ್ನು ‘ಗುಡ್ ಫ್ರೈಡೇ ಒಪ್ಪಂದ’ ಎನ್ನುತ್ತಾರೆ. ಬ್ರಿಟನ್ನಿನೊಡನೆ ಇರಬೇಕೆನ್ನುವ ಯೂನಿಯನಿಸ್ಟರಲ್ಲಿ ಹೆಚ್ಚಿನವರು ‘ಬೆಲ್‌ಫಾಸ್ಟ್ ಒಪ್ಪಂದ’ ಎನ್ನುತ್ತಾರೆ. ಮನೆಮನೆಗೆ ಅಂಚೆಯ ಮೂಲಕ ಕಳುಹಿಸಿದ ಪುಸ್ತಿಕೆಯ ಮುಖಪುಟದ ಮೇಲೆ ಈ ಎರಡು ಹೆಸರುಗಳೂ ಇರಲಿಲ್ಲ. ಸೂರ್ಯನ ಬೆಳಕಿಗೆ ಎದುರಾಗಿ ನಿಂತ ಒಂದು ಕುಟುಂಬದ ನೆರಳುಚಿತ್ರ, ಬರಿದೇ ‘ಒಪ್ಪಂದ’ ಎಂಬ ಶೀರ್ಷಿಕೆ, ತೀರ್ಮಾನ ನಿಮ್ಮದೆಂಬ ಅರ್ಥದ ಒಂದು ಮಾತು, ಇಷ್ಟೇ. ಹೆಸರಿಡುವುದರಲ್ಲಿಯೇ ಒಮ್ಮತವಿಲ್ಲದ ದೇಶ ಅದು. ಅಲ್ಲಿಯ ಎರಡನೆಯ ದೊಡ್ಡ ನಗರವನ್ನು ಒಬ್ಬರು ಡೆರಿ ಎಂದರೆ ಮತ್ತೊಬ್ಬರು ಲಂಡನ್‌ಡೆರಿ ಎನ್ನುತ್ತಾರೆ. ಯಾರ ಮನಸ್ಸನ್ನೂ ನೋಯಿಸಲೊಲ್ಲದವರು ಎರಡನ್ನೂ ಬರೆದು ನಡುವೆ ಓರೆಗೆರೆ ಎಳೆಯುತ್ತಾರೆ. ಅದರಿಂದಾಗಿ ಹಾಸ್ಯಗಾರರು ಆ ಊರಿಗೆ ‘ಓರೆಗೆರೆಯ ನಗರ’ವೆಂದೇ ಮೂರನೆಯ ಹೆಸರನ್ನಿಟ್ಟಿದ್ದಾರೆ. ಕುಂಬಳೆಯನ್ನು ಕುಂಬಳವೆಂದೂ ಮಂಜೇಶ್ವರವನ್ನು ಮಂಜೇಶ್ವರಂ ಎಂದೂ ಫಲಕಗಳ ಮೇಲೆ ಓದುತ್ತ ಬೆಳೆದ ನಮಗೆ ಇದರ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದೇವರ ದಯೆ, ನಮ್ಮಲ್ಲಿ ಒಂದು ಅನುಸ್ವಾರಕ್ಕಾಗಿ ಯಾರೂ ಬಂದೂಕು ಹಿಡಿಯಲಿಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಇದು ಚರಿತ್ರೆಯ ಲೇಖನವಲ್ಲ. 1920ರ ಶಾಸನದ ಮೇರೆಗೆ ಐರ್ಲೆಂಡು ಒಡೆದು, ಈಶಾನ್ಯದ ಆರು ಜಿಲ್ಲೆಗಳು ಬ್ರಿಟನ್ನಿನಲ್ಲಿಯೇ ಉಳಿದುವು. ಅಲ್ಲಿ ಪ್ರಾಟೆಸ್ಟಂಟರು ಬಹುಸಂಖ್ಯಾತರು, ಕೆಥೊಲಿಕರು ಅಲ್ಪಸಂಖ್ಯಾತರು. 1921ರಿಂದ 1972ರ ವರೆಗೆ ಒಂದೇ ಪಕ್ಷ, ಅಲ್ಸ್ಟರ್ ಯೂನಿಯನಿಸ್ಟ್ ಪಕ್ಷ, ಎಡೆಬಿಡದೆ ಆಳಿತು. ಚುನಾವಣೆ ಇತ್ತು, ಶಾಸನಸಭೆ ಇತ್ತು, ವಿರೋಧ ಪಕ್ಷವೂ ಇತ್ತು. ಸರಕಾರ ಬದಲಾಗುವುದೊಂದು ಮಾತ್ರ ಇರಲಿಲ್ಲ. ಬಹುಮತವೇ ಪ್ರಜಾಪ್ರಭುತ್ವವೆಂದು ಪೌರನೀತಿಯ ಪಾಠದಲ್ಲಿ ಬರೆಯಿಸುವ ನಾವು ಈ ಐವತ್ತು ವರ್ಷಗಳನ್ನು ಒಮ್ಮೆ ನೆನೆಯಬೇಕು. 1960ರ ದಶಕದ ಕೊನೆಗೆ ಹೊತ್ತಿದ ಬೆಂಕಿ ಮೂವತ್ತು ವರ್ಷ ಉರಿಯಿತು. 3,500ಕ್ಕೂ ಹೆಚ್ಚು ಮಂದಿ ಸತ್ತರು. 1972ನೆಯ ಒಂದೇ ವರ್ಷದಲ್ಲಿ 450ಕ್ಕೂ ಹೆಚ್ಚು. ಒಟ್ಟು ಜನಸಂಖ್ಯೆಯೇ ಹದಿನೈದು ಲಕ್ಷದ ಆಸುಪಾಸಿನದಾಗಿದ್ದ ನಾಡಿನಲ್ಲಿ ಇದು ಸಣ್ಣ ಲೆಕ್ಕವಲ್ಲ.

ನಡುವೆ ಒಂದು ಪ್ರಯತ್ನ ನಡೆದಿತ್ತು. 1973ರ ಡಿಸೆಂಬರಿನಲ್ಲಿ ಸನ್ನಿಂಗ್‌ಡೇಲ್ ಎಂಬಲ್ಲಿ ಒಪ್ಪಂದವಾಗಿ, ಎರಡೂ ಪಂಗಡದವರು ಕೂಡಿದ ಸರಕಾರವೊಂದು 1974ರ ಜನವರಿಯಲ್ಲಿ ಅಧಿಕಾರಕ್ಕೆ ಬಂತು. ಬ್ರಯನ್ ಫಾಕ್ನರ್ ಅದರ ಮುಖ್ಯಸ್ಥ. ಮೇ ತಿಂಗಳಲ್ಲಿ ಯೂನಿಯನಿಸ್ಟ್ ಕಾರ್ಮಿಕರು ವಿದ್ಯುತ್ತು ನಿಲ್ಲಿಸಿ ಮುಷ್ಕರ ಹೂಡಿದರು. ಎರಡು ವಾರದಲ್ಲಿ ಸರಕಾರ ಬಿತ್ತು. 1998ರ ಒಪ್ಪಂದವನ್ನು ಕಂಡು ಷೇಮಸ್ ಮೆಲನ್ ಎಂಬ ಮುಖಂಡರು, ಇದು ನಿಧಾನವಾಗಿ ಕಲಿಯುವವರಿಗಾಗಿ ಬರೆದ ಸನ್ನಿಂಗ್‌ಡೇಲ್ ಎಂದರು. ಅವರೂ ಶಾಲಾ ಮುಖ್ಯೋಪಾಧ್ಯಾಯರಾಗಿದ್ದವರು, ಮಾತಿನಲ್ಲಿಯೇ ಗೊತ್ತಾಗುತ್ತದೆ. ಮಾತು ಚುರುಕಾಗಿದೆ, ಆದರೆ ಪೂರ್ತಿ ನ್ಯಾಯವಾದುದಲ್ಲ. ಸನ್ನಿಂಗ್‌ಡೇಲಿನಲ್ಲಿ ಬಂದೂಕು ಹಿಡಿದವರು ಹೊರಗಿದ್ದರು. 1998ರಲ್ಲಿ ಅವರ ಪರವಾಗಿ ಮಾತಾಡುವವರು ಮೇಜಿನ ಮುಂದೆಯೇ ಕುಳಿತಿದ್ದರು. ಪಾಠ ಒಂದೇ ಇರಬಹುದು, ತರಗತಿ ಬೇರೆ.

ಇನ್ನು ಬರಹಕ್ಕೆ ಬರೋಣ. ಮೂವತ್ತು ಚಿಲ್ಲರೆ ಪುಟಗಳ ಈ ಪುಸ್ತಿಕೆಯಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಶ್ರೇಷ್ಠವಾದುದು ರಾಜ್ಯಾಂಗ ಸಂಬಂಧವಾದ ಮೊದಲ ಭಾಗ. ಉತ್ತರ ಐರ್ಲೆಂಡಿನ ಬಹುಸಂಖ್ಯಾತರ ಈಗಿನ ಇಚ್ಛೆ ಬ್ರಿಟನ್ನಿನಲ್ಲಿ ಉಳಿಯುವುದು, ಅದು ನ್ಯಾಯಸಮ್ಮತವೆಂದು ಒಂದು ಕಡೆ ಹೇಳುತ್ತದೆ. ಅಲ್ಲಿಯ ದೊಡ್ಡದೊಂದು ಭಾಗದ ಜನರ, ಇಡೀ ದ್ವೀಪದ ಬಹುಸಂಖ್ಯಾತರ ಇಚ್ಛೆ ಐರ್ಲೆಂಡು ಒಂದಾಗುವುದು, ಅದೂ ನ್ಯಾಯಸಮ್ಮತವೆಂದು ಅದೇ ಉಸಿರಿನಲ್ಲಿ ಹೇಳುತ್ತದೆ. ಎರಡು ವಿರುದ್ಧ ಇಚ್ಛೆಗಳನ್ನು ಒಂದೇ ಪರಿಚ್ಛೇದದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ, ಒಂದನ್ನು ಹುಸಿಯೆನ್ನದೆ, ಇನ್ನೊಂದನ್ನು ದ್ರೋಹವೆನ್ನದೆ ಬರೆಯುವುದು ಸುಲಭವಾದ ಗದ್ಯಕಾರ್ಯವಲ್ಲ. ಇದಕ್ಕಿಂತಲೂ ಗಹನವಾದುದು ಇನ್ನೊಂದು ಮಾತು. ಸಾರ್ವಭೌಮತ್ವ ಮುಂದೆ ಯಾರ ಕೈಗೆ ಹೋದರೂ ಆ ಸರಕಾರವು ಎರಡೂ ಪಂಗಡಗಳನ್ನು ನಿಷ್ಪಕ್ಷಪಾತವಾಗಿ, ಸಮಾನ ಗೌರವದಿಂದ ಕಾಣತಕ್ಕದ್ದು ಎಂದು ಅದು ವಿಧಿಸುತ್ತದೆ. ಇಂದಿನ ಅಲ್ಪಸಂಖ್ಯಾತನಿಗೆ ಕೊಡುವ ರಕ್ಷೆಯೇ ನಾಳೆ ಅಲ್ಪಸಂಖ್ಯಾತನಾಗಬಹುದಾದವನಿಗೂ ಆಸ್ತಿಯಾಗುತ್ತದೆ. 2021ರ ಜನಗಣತಿಯಲ್ಲಿ ಕೆಥೊಲಿಕ್ ಹಿನ್ನೆಲೆಯವರು ಶೇ. 45.7, ಪ್ರಾಟೆಸ್ಟಂಟ್ ಮತ್ತಿತರ ಕ್ರೈಸ್ತ ಹಿನ್ನೆಲೆಯವರು ಶೇ. 43.5 ಎಂದು ಬಂದಾಗ ಈ ವಾಕ್ಯದ ಬೆಲೆ ಎಷ್ಟೆಂಬುದು ಯೂನಿಯನಿಸ್ಟರಿಗೂ ತಿಳಿದಿರಬೇಕು.

ಇದರ ಜೊತೆಯಲ್ಲಿ ಐರ್ಲೆಂಡ್ ಗಣರಾಜ್ಯವು ತನ್ನ ರಾಜ್ಯಾಂಗದ 2 ಮತ್ತು 3ನೆಯ ವಿಧಿಗಳನ್ನು ತಿದ್ದಿತು. 1937ರ ಆ ರಾಜ್ಯಾಂಗ ನಮಗೆ ಅಪರಿಚಿತವಲ್ಲ. ನಮ್ಮ ಸಂವಿಧಾನದ ನಿರ್ದೇಶಕ ತತ್ತ್ವಗಳಿಗೆ ಅದೇ ಮಾದರಿ. ಅದರ ಹಳೆಯ 2ನೆಯ ವಿಧಿ ಇಡೀ ದ್ವೀಪವೇ ರಾಷ್ಟ್ರದ ಭೂಪ್ರದೇಶವೆಂದು ಸಾರುತ್ತಿತ್ತು. ಹೊಸ ವಿಧಿ ಆ ದ್ವೀಪದಲ್ಲಿ ಹುಟ್ಟಿದ ಪ್ರತಿಯೊಬ್ಬನಿಗೂ ಐರಿಷ್ ರಾಷ್ಟ್ರದವನಾಗುವ ಜನ್ಮಹಕ್ಕು ಉಂಟೆನ್ನುತ್ತದೆ. ವಾಕ್ಯದ ಕರ್ತೃ ಬದಲಾದುದನ್ನು ಗಮನಿಸಬೇಕು: ಮೊದಲು ನೆಲ ಇದ್ದಲ್ಲಿಗೆ ಈಗ ಮನುಷ್ಯ ಬಂದಿದ್ದಾನೆ. ನೆಲವನ್ನು ಇಬ್ಬರು ಒಟ್ಟಿಗೆ ತಮ್ಮದೆನ್ನುವಂತಿಲ್ಲ, ಜಗಳವಾಗುತ್ತದೆ. ಮನುಷ್ಯನಾದರೋ ತಾನು ಐರಿಷ್, ತಾನು ಬ್ರಿಟಿಷ್, ಇಲ್ಲವೆ ತಾನು ಎರಡೂ ಎಂದು ಹೇಳಿಕೊಳ್ಳಬಲ್ಲ. ಎರಡು ದೇಶಗಳ ಪೌರತ್ವವನ್ನೂ ಹೊಂದಬಲ್ಲ. ಗಡಿಯ ಪ್ರಶ್ನೆಗೆ ಇಷ್ಟು ಸೂಕ್ಷ್ಮವಾದ ವ್ಯಾಕರಣದ ಉತ್ತರವನ್ನು ನಾನು ಬೇರೆಡೆ ಓದಿಲ್ಲ.

ಆದರೆ ಎಲ್ಲ ಭಾಗವೂ ಹೀಗಿಲ್ಲ. ಆಯುಧಗಳನ್ನು ಒಪ್ಪಿಸುವ ಪ್ರಕರಣಕ್ಕೆ ಬಂದೊಡನೆ ಗದ್ಯ ಮಂಜಾಗುತ್ತದೆ. ಐ.ಆರ್.ಎ. ಆಯುಧ ಒಪ್ಪಿಸಬೇಕೆಂದು ಅಲ್ಲಿ ಎಲ್ಲಿಯೂ ಇಲ್ಲ. ಪಕ್ಷಗಳು ತಮಗೆ ಏನಾದರೂ ಪ್ರಭಾವವಿದ್ದರೆ ಅದನ್ನು ಬಳಸಿ, ಜನಮತಗಣನೆಯಾದ ಎರಡು ವರ್ಷಗಳೊಳಗೆ ನಿರಾಯುಧೀಕರಣವನ್ನು ಸಾಧಿಸಲು ಯತ್ನಿಸತಕ್ಕದ್ದು ಎಂಬ ಅರ್ಥದ ಮಾತಿದೆ. ‘ಏನಾದರೂ ಪ್ರಭಾವವಿದ್ದರೆ’ ಎಂಬಲ್ಲಿ ಎಲ್ಲವೂ ಅಡಗಿದೆ. ನಮಗೂ ಐ.ಆರ್.ಎ.ಗೂ ಸಂಬಂಧವೇನೆಂದು ಷಿನ್ ಫೇನ್ ಪಕ್ಷ ಕೇಳಬಹುದು; ಆಯುಧ ಬಾರದೆ ಸರಕಾರದಲ್ಲಿ ಕೂರೆವೆಂದು ಡೇವಿಡ್ ಟ್ರಿಂಬಲ್ ಹೇಳಬಹುದು; ಇಬ್ಬರೂ ಪುಸ್ತಿಕೆಯನ್ನೇ ಎತ್ತಿ ತೋರಿಸಬಹುದು. ಇದಕ್ಕೆ ಅಲ್ಲಿಯ ರಾಜನೀತಿಜ್ಞರು ‘ರಚನಾತ್ಮಕ ಅಸ್ಪಷ್ಟತೆ’ ಎಂದು ಹೆಸರಿಟ್ಟರು. ನಮ್ಮ ಆಲಂಕಾರಿಕರು ಶ್ಲೇಷವೆಂದಾರು. ಕವಿ ಶ್ಲೇಷವನ್ನಿಟ್ಟರೆ ಎರಡು ಅರ್ಥವೂ ಒಬ್ಬನೇ ಸಹೃದಯನಿಗೆ ಹೊಳೆದು ಸಂತೋಷವಾಗುತ್ತದೆ. ಇಲ್ಲಿ ಒಂದೊಂದು ಅರ್ಥ ಒಂದೊಂದು ಪಂಗಡದ ಪಾಲಿಗೆ ಹೋಯಿತು. ಎರಡನ್ನೂ ಓದಬಲ್ಲ ಸಹೃದಯರು ವಿರಳವಾದರು.

ಈ ಅಸ್ಪಷ್ಟತೆ ತಪ್ಪೇ? ಪರೀಕ್ಷೆಯ ಉತ್ತರಪತ್ರಿಕೆಯಾಗಿದ್ದರೆ ನಾನು ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ. ಆದರೆ ಈ ಬರಹ ಹುಟ್ಟಿದ ಗಳಿಗೆಯನ್ನು ಮರೆಯುವಂತಿಲ್ಲ. ಅಮೆರಿಕದ ಜಾರ್ಜ್ ಮಿಚೆಲ್ಲರು ಗುರುವಾರ ಮಧ್ಯರಾತ್ರಿಯ ಗಡುವನ್ನು ವಿಧಿಸಿದ್ದರು. ಅದು ದಾಟಿ ಶುಕ್ರವಾರ ಸಂಜೆಗೆ ಕೆಲಸ ಮುಗಿಯಿತು. ಟ್ರಿಂಬಲ್ಲರ ಸಂಗಾತಿಗಳಲ್ಲಿಯೇ ಕೆಲವರು ಆಯುಧದ ಮಾತಿಗಾಗಿ ಎದ್ದು ಹೊರಟಿದ್ದರು; ಅವರನ್ನು ಸಮಾಧಾನಪಡಿಸಲು ಪ್ರಧಾನಿ ಬ್ಲೇರ್ ಕೊನೆಯ ಗಳಿಗೆಯಲ್ಲಿ ಪ್ರತ್ಯೇಕ ಪತ್ರವೊಂದನ್ನು ಬರೆದುಕೊಡಬೇಕಾಯಿತು. ಆ ವಾಕ್ಯವನ್ನು ಸ್ಪಷ್ಟಪಡಿಸಿದ್ದರೆ ಒಂದಲ್ಲ ಒಂದು ಕಡೆಯವರು ಎದ್ದು ಹೋಗಿಯೇ ಬಿಡುತ್ತಿದ್ದರು. ಮೇ 22ರಂದು ಉತ್ತರದಲ್ಲಿ ಶೇ. 71.1, ದಕ್ಷಿಣದಲ್ಲಿ ಶೇ. 94.4 ಮಂದಿ ಒಪ್ಪಿಗೆಯ ಮತವಿತ್ತರಷ್ಟೆ, ಅವರೆಲ್ಲ ಒಂದೇ ಪುಸ್ತಕವನ್ನು ಓದಿದ್ದರೆಂದು ಹೇಳುವ ಧೈರ್ಯ ನನಗಿಲ್ಲ. ಸಾಲದ ಮೇಲೆ ಬಡ್ಡಿ ಬೆಳೆದಂತೆ ಈ ಮಂಜಿನ ಬೆಲೆಯನ್ನು ಮುಂದೆ ತೆರಬೇಕಾಯಿತು. ಸರಕಾರ ರಚನೆಗೆ 1999ರ ಡಿಸೆಂಬರ್ ಬರಬೇಕಾಯಿತು, ಎರಡೇ ತಿಂಗಳಲ್ಲಿ ಅದು ಅಮಾನತಾಯಿತು, ಐ.ಆರ್.ಎ. ಆಯುಧಗಳ ವಿಲೇವಾರಿ ಮುಗಿದುದು 2005ರ ಸೆಪ್ಟೆಂಬರಿನಲ್ಲಿ. ಎರಡು ವರ್ಷದ ಮಾತು ಏಳು ವರ್ಷವಾಯಿತು. ಆ ಏಳು ವರ್ಷಗಳಲ್ಲಿ ಜನರ ಕೊಲೆ ಹಿಂದಿನಂತೆ ನಡೆಯಲಿಲ್ಲವೆಂಬುದನ್ನು ಅದರ ಎದುರಿನ ತಟ್ಟೆಯಲ್ಲಿಡಬೇಕು. 1998ರ ಆಗಸ್ಟ್ 15ರಂದು ಒಪ್ಪಂದವನ್ನೊಪ್ಪದ ಗುಂಪೊಂದು ಓಮಾ ಪಟ್ಟಣದಲ್ಲಿ ಬಾಂಬಿಟ್ಟು 29 ಮಂದಿಯನ್ನು ಕೊಂದಾಗಲೂ ಒಪ್ಪಂದ ಮುರಿದು ಬೀಳಲಿಲ್ಲ.

ಅಸ್ಪಷ್ಟ ಭಾಗಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡು ಮಾಡುವುದು ಅತಿ ಸ್ಪಷ್ಟವಾದ ಭಾಗ. ಅದು ಅಧಿಕಾರ ಹಂಚಿಕೆಯ ಯಂತ್ರ. ಮಂತ್ರಿಪದವಿಗಳನ್ನು ಮಾತುಕತೆಯಿಂದಲ್ಲ, ಡೋಂಟ್ ಎಂಬ ಬೆಲ್ಜಿಯಮ್ಮಿನ ವಿದ್ವಾಂಸನ ಭಾಗಾಕಾರದಿಂದ ಹಂಚುತ್ತಾರೆ. ಒಂದು ಪಕ್ಷದ ಸ್ಥಾನಗಳನ್ನು ಅದು ಅದುವರೆಗೆ ಪಡೆದ ಮಂತ್ರಿಗಳ ಸಂಖ್ಯೆಗೆ ಒಂದು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸುವುದು. ಭಾಗಲಬ್ಧ ಯಾರದು ದೊಡ್ಡದೋ ಮುಂದಿನ ಖಾತೆ ಅವರದು. 1998ರಲ್ಲಿ ದೊಡ್ಡ ಪಕ್ಷಗಳು ನಾಲ್ಕು: ಅಲ್ಸ್ಟರ್ ಯೂನಿಯನಿಸ್ಟ್ 28, ಎಸ್.ಡಿ.ಎಲ್.ಪಿ. 24, ಡಿ.ಯು.ಪಿ. 20, ಷಿನ್ ಫೇನ್ 18. ಮೊದಲ ನಾಲ್ಕು ಖಾತೆಗಳು ನಾಲ್ವರಿಗೆ ಒಂದೊಂದು. ಅನಂತರ ಅವರವರ ಸಂಖ್ಯೆ ಅರ್ಧವಾಗಿ 14, 12, 10, 9 ಎಂದಾಗುತ್ತದೆ; ಐದು, ಆರು, ಏಳನೆಯವು ಕ್ರಮವಾಗಿ ಮೊದಲ ಮೂವರಿಗೆ. ಎಂಟನೆಯದಕ್ಕೆ 28ನ್ನು ಮೂರರಿಂದ ಭಾಗಿಸಿದರೆ 9.33, ಷಿನ್ ಫೇನಿನ 9ಕ್ಕಿಂತ ಅದು ದೊಡ್ಡದು. ಒಂಬತ್ತನೆಯದು ಷಿನ್ ಫೇನಿಗೆ, ಹತ್ತನೆಯದು 8 ಬಂದ ಎಸ್.ಡಿ.ಎಲ್.ಪಿ.ಗೆ. ಹೀಗೆ 3, 3, 2, 2. ಎಂಟನೆಯ ತರಗತಿಯ ಹುಡುಗನೂ ಕಪ್ಪುಹಲಗೆಯ ಮೇಲೆ ಮಾಡಬಲ್ಲ ಲೆಕ್ಕ. ಇದರ ಗುಣವೇನೆಂದರೆ ಯಾರೂ ಯಾರ ಅನುಗ್ರಹದಿಂದಲೂ ಮಂತ್ರಿಯಾಗುವುದಿಲ್ಲ. ದ್ವೇಷಿಸುವವನೊಡನೆ ಕೈಕುಲುಕದೆಯೂ ಸರಕಾರದಲ್ಲಿ ಕೂರಬಹುದು. ದೋಷವೂ ಅದೇ. ಒಂದೇ ಕಾರ್ಯಕ್ರಮವನ್ನು ಒಪ್ಪಿ ಕೂಡಿದವರಲ್ಲ ಇವರು. ಒಂದೇ ಛತ್ರದಲ್ಲಿ ಇಳಿದುಕೊಂಡು ಬೇರೆ ಬೇರೆ ಅಡುಗೆ ಮಾಡಿಕೊಳ್ಳುವ ಯಾತ್ರಿಕರಂತೆ ಅವರವರ ಖಾತೆಯಲ್ಲಿ ಅವರವರು. ನಾಲ್ಕನೆಯ ಸರದಿಯಲ್ಲಿ ಷಿನ್ ಫೇನಿನ ಮಾರ್ಟಿನ್ ಮಗಿನಿಸ್ ಶಿಕ್ಷಣ ಖಾತೆಯನ್ನು ಆರಿಸಿಕೊಂಡಾಗ ಪ್ರಾಟೆಸ್ಟಂಟ್ ಶಾಲೆಗಳ ಮಕ್ಕಳು ಕೆಲವೆಡೆ ತರಗತಿ ಬಿಟ್ಟು ಹೊರಬಂದರು. 2002ರಲ್ಲಿ ಸರಕಾರ ನಿಲ್ಲುವ ಮುನ್ನ ಅವರು ಹನ್ನೊಂದನೆಯ ವಯಸ್ಸಿಗೆ ಮಕ್ಕಳನ್ನು ಆರಿಸಿ ಬೇರ್ಪಡಿಸುವ ಪರೀಕ್ಷೆಯನ್ನು ರದ್ದುಗೊಳಿಸುವುದಾಗಿ ಸಾರಿದರು. ಶಿಕ್ಷಣದ ದೃಷ್ಟಿಯಿಂದ ಆ ನಿರ್ಧಾರ ಚರ್ಚೆಗೆ ಯೋಗ್ಯವಾದುದು. ಅಲ್ಲಿ ಚರ್ಚೆಯಾದುದು ಹೆಚ್ಚಾಗಿ ಪಂಗಡದ ದೃಷ್ಟಿಯಿಂದ.

ಮುಖ್ಯಸ್ಥರು ಇಬ್ಬರು: ಪ್ರಥಮ ಮಂತ್ರಿ ಮತ್ತು ಉಪ ಪ್ರಥಮ ಮಂತ್ರಿ. ಅಧಿಕಾರ ಇಬ್ಬರಿಗೂ ಸಮಸಮ. ಒಬ್ಬರು ಬಿಟ್ಟರೆ ಇನ್ನೊಬ್ಬರಿಗೂ ಪದವಿಯಿಲ್ಲ. ‘ಉಪ’ ಎಂಬುದು ಕೆಳಗಿನವನೆಂಬ ಅರ್ಥ ಕೊಡಬಾರದೆಂದು ಇಂಗ್ಲಿಷಿನಲ್ಲಿ ಆ ಪದದ ಮೊದಲಕ್ಷರವನ್ನು ಸಣ್ಣದಾಗಿ ಬರೆಯುತ್ತಾರೆ. ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದ ನಮ್ಮ ಲಿಪಿಗೆ ಈ ಉಪಾಯ ದಕ್ಕದು. ಆದರೆ ಸಮಾನತೆಯನ್ನು ಅಕ್ಷರದ ಗಾತ್ರದಿಂದ ಸೂಚಿಸುವಾಗಲೇ ಅದರ ಮೇಲಿನ ಅಪನಂಬಿಕೆಯೂ ಬಯಲಾಗುತ್ತದೆ. 2022ರ ಚುನಾವಣೆಯಲ್ಲಿ ಷಿನ್ ಫೇನ್ 27, ಡಿ.ಯು.ಪಿ. 25 ಸ್ಥಾನ ಗಳಿಸಿದಾಗ, ಅಧಿಕಾರ ಒಂದೇ ಆಗಿದ್ದರೂ, ‘ಉಪ’ ಎಂಬ ಎರಡಕ್ಷರ ಯೂನಿಯನಿಸ್ಟರಿಗೆ ಎಷ್ಟು ಭಾರವಾಗುತ್ತದೆಂಬುದು ಲೋಕಕ್ಕೆ ತಿಳಿಯಿತು. ಬ್ರೆಕ್ಸಿಟ್ಟಿನ ವ್ಯಾಪಾರ ನಿಯಮಗಳನ್ನು ಪ್ರತಿಭಟಿಸಿ ಡಿ.ಯು.ಪಿ. ಆ ವರ್ಷದ ಫೆಬ್ರವರಿಯಲ್ಲಿಯೇ ಹೊರನಡೆದಿತ್ತು. ಮಿಷೆಲ್ ಓನೀಲ್ ಪ್ರಥಮ ಮಂತ್ರಿಯಾಗಿಯೂ ಎಮಾ ಲಿಟಲ್-ಪೆಂಗೆಲಿ ಉಪ ಪ್ರಥಮ ಮಂತ್ರಿಯಾಗಿಯೂ ಕುಳಿತುದು 2024ರ ಫೆಬ್ರವರಿ 3ರಂದು. ಮೊದಲು 2002ರಿಂದ 2007, ಅನಂತರ 2017ರಿಂದ 2020, ಮತ್ತೆ ಇದು: ಇಪ್ಪತ್ತನಾಲ್ಕು ವರ್ಷಗಳಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ ಪೂರ್ಣ ಸರಕಾರವಿಲ್ಲದೆ ಕಳೆಯಿತು. ಒಬ್ಬರನ್ನೊಬ್ಬರು ಹೊರಗಿಡಲಾಗದ ಮನೆಯನ್ನು ಕಟ್ಟಿದರು, ಸರಿ. ಯಾರೊಬ್ಬರು ಎದ್ದರೂ ಮಾಡು ಕುಸಿಯುವಂತೆ ಕಟ್ಟಿದ್ದರ ಫಲವಿದು.

ಶಾಸನಸಭೆಯ ಸದಸ್ಯರು ಮೊದಲ ದಿನವೇ ಪುಸ್ತಕದಲ್ಲಿ ತಾವು ಯಾರೆಂದು ಬರೆಯಬೇಕು: ‘ಯೂನಿಯನಿಸ್ಟ್’, ‘ನ್ಯಾಷನಲಿಸ್ಟ್’, ಇಲ್ಲವೆ ‘ಇತರ’. ಮುಖ್ಯ ವಿಷಯಗಳಲ್ಲಿ ಬರಿಯ ಬಹುಮತ ಸಾಲದು, ಮೊದಲೆರಡು ಗುಂಪುಗಳೊಳಗೆ ಪ್ರತ್ಯೇಕ ಬೆಂಬಲ ಬೇಕು. ‘ಇತರ’ರ ಮತ ಆ ಪ್ರತ್ಯೇಕ ಎಣಿಕೆಯಲ್ಲಿ ಎಲ್ಲಿಯೂ ಸೇರದು. 2001ರ ನವೆಂಬರಿನಲ್ಲಿ ಟ್ರಿಂಬಲ್ಲರನ್ನು ಪುನಃ ಆರಿಸಲು ಯೂನಿಯನಿಸ್ಟ್ ಮತಗಳು ಸಾಲದೆ ಬಂದಾಗ, ಎರಡೂ ಪಂಗಡಕ್ಕೆ ಸೇರದ ಅಲಯನ್ಸ್ ಪಕ್ಷದ ಮೂವರು ಸದಸ್ಯರು ಕೆಲವು ದಿನಗಳ ಮಟ್ಟಿಗೆ ‘ಯೂನಿಯನಿಸ್ಟ್’ರೆಂದು ಬರೆಸಿಕೊಂಡು ಅವರನ್ನು ಗೆಲ್ಲಿಸಿದರು. ಪಂಗಡಭೇದವನ್ನು ಮೀರಿ ನಿಂತವರು ಶಾಂತಿಯನ್ನು ಉಳಿಸಲು ಪಂಗಡದ ವೇಷ ಹಾಕಬೇಕಾಯಿತು. ನಮ್ಮ ಯಕ್ಷಗಾನದ ಪಾತ್ರಧಾರಿಗಳು ಕೂಡ ಬೆಳಗಾಗುವ ತನಕ ವೇಷ ಕಳಚುವುದಿಲ್ಲ. ಇವರು ಕಿರೀಟ ಇಳಿಸಿ ಮನೆಗೆ ಹೋಗಬಹುದಿತ್ತು, ಪ್ರಸಂಗವೇ ಇವರನ್ನು ಬಿಡಲಿಲ್ಲ. ಬೋಸ್ನಿಯಾದಲ್ಲಿ ಇದರ ಇನ್ನೂ ಕಠಿಣವಾದ ರೂಪವಿದೆ. 1995ರ ಡೇಟನ್ ಒಪ್ಪಂದದಂತೆ ಅಧ್ಯಕ್ಷಮಂಡಲಿಗೆ ಬೋಸ್ನಿಯಾಕ್, ಸರ್ಬ್, ಕ್ರೊಯಾಟರು ಮಾತ್ರ ನಿಲ್ಲಬಹುದು. ಯೆಹೂದಿಯೂ ರೋಮಾ ಜನಾಂಗದವನೂ ನಿಲ್ಲುವಂತಿಲ್ಲ. ಇದು ಅನ್ಯಾಯವೆಂದು ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು.

ಈ ಬಗೆಯ ವ್ಯವಸ್ಥೆಯ ತಾತ್ತ್ವಿಕ ಆಚಾರ್ಯ ಡಚ್ ವಿದ್ವಾಂಸ ಆರೆಂಡ್ ಲೈಪ್‌ಹಾರ್ಟ್. ಒಡೆದ ಸಮಾಜದಲ್ಲಿ ಕೂಡು ಸರಕಾರ, ಪ್ರಮಾಣಾನುಸಾರ ಪ್ರಾತಿನಿಧ್ಯ, ಸಾಂಸ್ಕೃತಿಕ ಸ್ವಾಯತ್ತತೆ, ಅಲ್ಪಸಂಖ್ಯಾತರಿಗೆ ತಡೆಹಕ್ಕು, ಈ ನಾಲ್ಕಿದ್ದರೆ ಪ್ರಜಾಪ್ರಭುತ್ವ ನಿಲ್ಲುತ್ತದೆಂದು ಅವರ ವಾದ. ಭಾರತವೂ ಇದಕ್ಕೆ ನಿದರ್ಶನವೆಂದು 1996ರಲ್ಲಿ ಅವರು ಬರೆದರು. ಭಾಷಾವಾರು ರಾಜ್ಯಗಳನ್ನು ಅದರ ಲಕ್ಷಣಗಳಲ್ಲಿ ಎಣಿಸಿದರು. ಭಾಷಾವಾರು ರೇಖೆಯ ಆಚೆಗುಳಿದ ನಾವು ಅವರ ಲೆಕ್ಕದಲ್ಲಿ ಎಲ್ಲಿ ಬರುತ್ತೇವೆಂಬುದು ಬೇರೆಯೇ ಪ್ರಶ್ನೆ! ಇದನ್ನು ಒಪ್ಪದ ಡೊನಾಲ್ಡ್ ಹೊರೊವಿಟ್ಸ್ ಮೊದಲಾದವರು, ಪಂಗಡಗಳಿಗೆ ಪೀಠ ಕೊಟ್ಟರೆ ಪಂಗಡಗಳೇ ಶಾಶ್ವತವಾಗುತ್ತವೆ, ಎದುರು ಪಂಗಡದ ಮತವನ್ನೂ ಬೇಡಬೇಕಾದಂಥ ಚುನಾವಣಾ ಕ್ರಮ ಬೇಕು ಎನ್ನುತ್ತಾರೆ. 2015ರ ಒಂದು ಪ್ರಸಂಗ ಹೊರೊವಿಟ್ಸ್ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆ. ಪಂಗಡಗಳ ಹಿತರಕ್ಷಣೆಗೆಂದು 30 ಸದಸ್ಯರ ರುಜುವಿನಿಂದ ಮಸೂದೆಯನ್ನು ತಡೆಯುವ ಹಕ್ಕಿದೆ. ಸಲಿಂಗ ವಿವಾಹದ ಗೊತ್ತುವಳಿಗೆ 53ಕ್ಕೆ 52ರಂತೆ ಬಹುಮತ ಬಂದಾಗ ಡಿ.ಯು.ಪಿ. ಅದೇ ಹಕ್ಕನ್ನೆತ್ತಿ ತಡೆಯಿತು. ಆ ವಿಷಯದ ಬಗೆಗೆ ಯಾರ ಅಭಿಪ್ರಾಯವೇನೇ ಇರಲಿ, ಅದು ಕೆಥೊಲಿಕ-ಪ್ರಾಟೆಸ್ಟಂಟ್ ವ್ಯಾಜ್ಯವಾಗಿರಲಿಲ್ಲ. ಆದರೂ ನಾನು ಲೈಪ್‌ಹಾರ್ಟರ ಪಕ್ಷವನ್ನು ಪೂರ್ತಿ ಬಿಡಲಾರೆ. 1998ರಲ್ಲಿ ಪಂಗಡಗಳನ್ನು ಲೆಕ್ಕಿಸದ ಒಪ್ಪಂದವನ್ನು ಬರೆದಿದ್ದರೆ ಅದಕ್ಕೆ ರುಜು ಹಾಕುವವರಾದರೂ ಯಾರು? ನನ್ನ ಆಕ್ಷೇಪ ಬೇರೆ: ಮುರಿದ ಮೂಳೆಗೆ ಕಟ್ಟಿದ ದಬ್ಬೆಯನ್ನು ಯಾವಾಗ, ಹೇಗೆ ಬಿಚ್ಚಬೇಕೆಂಬುದನ್ನು ಆ ಬರಹ ಎಲ್ಲಿಯೂ ಹೇಳುವುದಿಲ್ಲ.

ಇಲ್ಲಿ ಒಂದು ನಾಟಕವನ್ನು ಪಕ್ಕಕ್ಕಿಟ್ಟು ನೋಡಬೇಕೆನ್ನಿಸುತ್ತದೆ. ಬ್ರಯನ್ ಫ್ರೀಲ್ ಓಮಾದಲ್ಲಿ ಹುಟ್ಟಿ, ಡೆರಿಯಲ್ಲಿ ಹತ್ತು ವರ್ಷ ಗಣಿತದ ಉಪಾಧ್ಯಾಯರಾಗಿದ್ದು, ಅನಂತರ ನಾಟಕಕಾರರಾದವರು. ಅವರ ‘ಟ್ರಾನ್ಸ್‌ಲೇಷನ್ಸ್’ 1980ರ ಸೆಪ್ಟೆಂಬರ್ 23ರಂದು ಡೆರಿಯ ಗಿಲ್ಡ್‌ಹಾಲಿನಲ್ಲಿ, ಯೂನಿಯನಿಸ್ಟ್ ಆಳ್ವಿಕೆಯ ಗುರುತಾಗಿದ್ದ ಆ ಕಟ್ಟಡದಲ್ಲಿಯೇ, ಮೊದಲು ಪ್ರದರ್ಶಿತವಾಯಿತು. ಕಾಲ 1833, ಸ್ಥಳ ಡೊನೆಗಾಲಿನ ಒಂದು ಹಳ್ಳಿಯ ಐಗಳ ಮಠದಂಥ ಶಾಲೆ. ಹ್ಯೂ ಎಂಬ ಕುಡುಕ ಪಂಡಿತ ಅಲ್ಲಿಯ ಗುರು. ಬ್ರಿಟಿಷ್ ಸೈನ್ಯ ನಕ್ಷೆ ಬರೆಯಲು ಬಂದು ಊರಿನ ಹೆಸರುಗಳನ್ನು ಇಂಗ್ಲಿಷಿಗೆ ತಿರುಗಿಸುತ್ತದೆ. ಗುರುವಿನ ಕಿರಿಯ ಮಗ ಓವನ್‌ನೇ ದುಭಾಷಿ. ಒಂದು ದಾರಿಕೂಟಕ್ಕೆ ಬಾವಿಯ ಹೆಸರಿದೆ, ಬಾವಿ ಬತ್ತಿಹೋಗಿದೆ, ಆ ಹೆಸರಿನ ಕತೆ ಓವನ್ ಒಬ್ಬನಿಗೇ ನೆನಪಿದೆ. ಯಾರಿಗೂ ನೆನಪಿಲ್ಲದ ಹೆಸರನ್ನು ಯಾಕೆ ಉಳಿಸಬೇಕೆಂದು ಓವನ್ ಕೇಳುತ್ತಾನೆ. ಉಳಿಸಲೇಬೇಕೆಂದು ಹಟ ಹಿಡಿಯುವವನು ಆಂಗ್ಲ ಅಧಿಕಾರಿ ಯೋಲಂಡ್. ಈ ತಿರುವು-ಮುರುವೇ ನಾಟಕದ ಜೀವ. ಆಮೇಲೆ ಯೋಲಂಡ್ ಕಾಣೆಯಾಗಿ, ಕ್ಯಾಪ್ಟನ್ ಲ್ಯಾನ್ಸಿ ಊರುಗಳನ್ನು ನೆಲಸಮ ಮಾಡುವೆನೆಂದು ಹೊಸ ಹೆಸರುಗಳನ್ನು ಓದುತ್ತಾನೆ. ಯಾವ ಊರೆಂದು ಜನರಿಗೆ ತಿಳಿಯಲು ಓವನ್ ಒಂದೊಂದನ್ನೂ ಹಳೆಯ ಹೆಸರಿಗೆ ತಿರುಗಿಸಿ ಹೇಳಬೇಕಾಗುತ್ತದೆ. ತಾನೇ ಅಳಿಸಿದ್ದನ್ನು ತಾನೇ ಉಚ್ಚರಿಸುವ ಆ ದೃಶ್ಯವನ್ನೋದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದುಂಟು.

ಭೂಮಾಪನದ ಇತಿಹಾಸಕಾರ ಜೆ. ಎಚ್. ಆಂಡ್ರೂಸರು ಸೈನಿಕರ ದೌರ್ಜನ್ಯದ ಈ ಚಿತ್ರ ಚರಿತ್ರೆಗೆ ಒಪ್ಪದೆಂದು ಆಕ್ಷೇಪಿಸಿದ್ದಾರೆ. ಜಾನ್ ಓಡೊನೊವನ್ ಎಂಬ ಐರಿಷ್ ವಿದ್ವಾಂಸನೇ ಆ ಕಾರ್ಯದಲ್ಲಿದ್ದು ಹಳೆಯ ಹೆಸರುಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದ್ದನೆಂಬುದೂ ನಿಜ. ಆಕ್ಷೇಪವನ್ನು ಒಪ್ಪಬಹುದು, ನಾಟಕ ಅದರಿಂದ ಕೆಡುವುದಿಲ್ಲ. ಫ್ರೀಲ್ ಇಂಗ್ಲಿಷರನ್ನು ಬೈಯುವುದಕ್ಕೆ ಬರೆದವರಾಗಿದ್ದರೆ ಹ್ಯೂವಿನ ಕೊನೆಯ ನಿರ್ಧಾರವನ್ನು ಬರೆಯುತ್ತಿರಲಿಲ್ಲ. ಮುದುಕ ಗುರು ಹೊಸ ಹೆಸರುಗಳ ಪುಸ್ತಕವನ್ನು ಕೈಗೆತ್ತಿಕೊಂಡು, ಇವುಗಳನ್ನು ಕಲಿಯಬೇಕು, ಇವುಗಳಲ್ಲಿಯೇ ಮನೆ ಮಾಡಬೇಕು ಎಂಬ ನಿಲುವಿಗೆ ಬರುತ್ತಾನೆ. ಇದು ಸೋಲೊಪ್ಪಿಕೊಂಡವನ ಮಾತಲ್ಲ, ಗೆದ್ದವನ ಮಾತಂತೂ ಅಲ್ಲವೇ ಅಲ್ಲ. ಒಪ್ಪಂದದ ಕರಡು ಬರೆದವರಿಗೆ ಹ್ಯೂವಿನ ಈ ಮನಃಸ್ಥಿತಿ ತಿಳಿದಿತ್ತೆಂದು ಆ ಪೌರತ್ವದ ವಾಕ್ಯವನ್ನೋದಿದರೆ ಅನಿಸುತ್ತದೆ, ಡೋಂಟನ ಲೆಕ್ಕವನ್ನೋದಿದರೆ ಅನಿಸುವುದಿಲ್ಲ. ಷೇಮಸ್ ಹೀನಿಯವರ ‘ದ ಕ್ಯೂರ್ ಅಟ್ ಟ್ರಾಯ್’ ನಾಟಕದ ಮೇಳಗೀತವೊಂದನ್ನು ರಾಜಕಾರಣಿಗಳು ಭಾಷಣಗಳಲ್ಲಿ ಎತ್ತಿ ಎತ್ತಿ ಹಾಡಿ ಸವೆಸಿದ್ದಾರೆ. ಫ್ರೀಲರ ಈ ನಾಟಕವನ್ನು ಹಾಗೆ ಸವೆಸಲು ಯಾರಿಗೂ ಸಾಧ್ಯವಾಗಲಿಲ್ಲ. ಅದು ಆಶ್ವಾಸನೆ ಕೊಡುವುದಿಲ್ಲವಷ್ಟೆ.

ಭಾಷೆಯ ವಿಷಯದಲ್ಲಿ ಒಪ್ಪಂದ ಐರಿಷ್, ಅಲ್ಸ್ಟರ್-ಸ್ಕಾಟ್ಸ್ ಮತ್ತಿತರ ಭಾಷೆಗಳೆಲ್ಲ ದ್ವೀಪದ ಸಾಂಸ್ಕೃತಿಕ ಸಂಪತ್ತೆಂದು ಹೊಗಳಿತು. ಹೊಗಳಿಕೆ ಹಕ್ಕಾಗಲು 24 ವರ್ಷ ಹಿಡಿಯಿತು. ನ್ಯಾಯಾಲಯಗಳಲ್ಲಿ ಇಂಗ್ಲಿಷಲ್ಲದೆ ಬೇರೆ ಭಾಷೆ ಕೂಡದೆಂದು 1737ರಲ್ಲಿ ಮಾಡಿದ್ದ ಕಾನೂನನ್ನು ತೆಗೆದು, ಐರಿಷಿಗೆ ಅಧಿಕೃತ ಸ್ಥಾನ ಕೊಡುವ ಶಾಸನ ಬಂದುದು 2022ರಲ್ಲಿ; ಅದೂ ಬೆಲ್‌ಫಾಸ್ಟಿನ ಸಭೆಯಲ್ಲಿ ಅಲ್ಲ, ಲಂಡನ್ನಿನ ಪಾರ್ಲಿಮೆಂಟಿನಲ್ಲಿ.

ಶಾಲೆಗಳ ಪ್ರಸ್ತಾಪ ಒಪ್ಪಂದದಲ್ಲಿ ಬರುವುದು ಹಾದುಹೋಗುವ ಮಾತಾಗಿ, ಹಿಂಸೆಗೆ ಬಲಿಯಾದವರನ್ನು ಕುರಿತ ಪ್ರಕರಣದೊಳಗೆ. ಕೂಡುಶಿಕ್ಷಣವನ್ನು ಸುಗಮಗೊಳಿಸುವುದು, ಪ್ರೋತ್ಸಾಹಿಸುವುದು ಸಾಮರಸ್ಯದ ಅವಶ್ಯಕ ಅಂಗವೆಂದು ಅದು ಹೇಳುತ್ತದೆ. ಎಷ್ಟು, ಯಾವಾಗ, ಯಾರ ಖರ್ಚಿನಲ್ಲಿ ಎಂದಿಲ್ಲ. ಮಂತ್ರಿಗಳ ಹಂಚಿಕೆಗೆ ದಶಮಾಂಶದವರೆಗೆ ಲೆಕ್ಕವಿದ್ದ ಬರಹದಲ್ಲಿ ಮಕ್ಕಳ ಪಾಲಿಗೆ ಎರಡು ಕ್ರಿಯಾಪದಗಳು ಮಾತ್ರ ಬಂದುವು, ಅವೂ 1989ರ ಶಿಕ್ಷಣ ಆದೇಶದಲ್ಲಿ ಆಗಲೇ ಇದ್ದಂಥವು. ಎರಡೂ ಪಂಗಡದ ಮಕ್ಕಳನ್ನು ಒಟ್ಟಿಗೆ ಕೂರಿಸುವ ಮೊದಲ ಶಾಲೆ, ಬೆಲ್‌ಫಾಸ್ಟಿನ ಲೇಗನ್ ಕಾಲೇಜು, 1981ರಲ್ಲಿ 28 ಮಕ್ಕಳಿಂದ ಆರಂಭವಾಯಿತು. ಆರಂಭಿಸಿದವರು ತಾಯಿತಂದೆಗಳು, ಸರಕಾರವಲ್ಲ. ನಲವತ್ತು ವರ್ಷಗಳ ಮೇಲೆಯೂ ಇಂಥ ಶಾಲೆಗಳಲ್ಲಿ ಓದುವವರು ಒಟ್ಟು ಮಕ್ಕಳಲ್ಲಿ ಶೇ. 7ರ ಆಸುಪಾಸಿನಲ್ಲಿದ್ದರು. 2022ರ ಮಾರ್ಚಿನಲ್ಲಿ ಶಾಸನಸಭೆ ಕೂಡುಶಿಕ್ಷಣದ ಹೊಸ ಮಸೂದೆಯೊಂದನ್ನು ಅಂಗೀಕರಿಸಿತು. ಪ್ರೋತ್ಸಾಹಿಸತಕ್ಕದ್ದು, ಸುಗಮಗೊಳಿಸತಕ್ಕದ್ದು ಎಂಬ ಹಳೆಯ ಎರಡು ಮಾತುಗಳ ಜೊತೆಗೆ ಅದು ‘ಬೆಂಬಲಿಸತಕ್ಕದ್ದು’ ಎಂಬ ಮೂರನೆಯ ಕ್ರಿಯಾಪದವನ್ನು ಸೇರಿಸಿತು. ಆ ಮಸೂದೆಯನ್ನು ಖಾಸಗಿಯಾಗಿ ಮಂಡಿಸಿದವರು ಕೆಲಿ ಆರ್ಮ್‌ಸ್ಟ್ರಾಂಗ್, ಅಲಯನ್ಸ್ ಪಕ್ಷದವರು. ಸಭೆಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಇರುವ ಗುರುತು ‘ಇತರ’.